ಸೈತಾನ ಮುಟ್ಟಿ ನೋಡಲಿಲ್ಲ

ಎಸ್ಲಿಂಗೆನ್‌ನಲ್ಲೊಂದು ಕೋಟೆ ಇದೆ. ಅದರಲ್ಲಿ ಯಾವ ರಾಜನೂ ಯಾವತ್ತೂ ವಾಸ ಮಾಡಿದವನಲ್ಲ. ಈ ವಿಷಯವನ್ನು ನಮ್ಮ ಅಳಿಯಂದಿರು ಗುಡ್ಡದ ಬುಡದಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಗೋಡೆಯೊಳಗಿನ ಮಾಡು ಹೊದಿಸಿದ ಮುನ್ನೂರು ಚಿಲ್ಲರೆ ಮೆಟ್ಟಿಲು ನನ್ನನ್ನು ಹತ್ತಿಸಿ, ನಾನು ಕಲ್ಲಿಗೆ ಒರಗಿ ಏದುಸಿರು ಬಿಡುತ್ತಿದ್ದಾಗ, "ಅತ್ತೆ, ಇದು ಅರಮನೆ ಅಲ್ಲ. ಊರಿನ ಕಾವಲಿಗೆ ಕಟ್ಟಿದ್ದು, ಅಷ್ಟೆ" ಅಂದರು. ಆ 'ಅಷ್ಟೆ'ಗೆ ನನ್ನ ಮಂಡಿಗಳು ಕೊಟ್ಟ ಉತ್ತರವನ್ನು ಬರೆಯುವಂತಿಲ್ಲ. ಚಾಮುಂಡಿ ಬೆಟ್ಟದಲ್ಲಾದರೆ ನಡುದಾರಿಯಲ್ಲಿ ನಂದಿ ಕೂತಿರುತ್ತಾನೆ, ತುದಿಯಲ್ಲಿ ತಾಯಿ ಇರುತ್ತಾಳೆ, ಹತ್ತಿದ್ದಕ್ಕೆ ಪುಣ್ಯವಾದರೂ ಜಮೆಯಾಗುತ್ತದೆ. ಇಲ್ಲಿ ತುದಿಯಲ್ಲಿ ಒಂದು ದಪ್ಪ ಗೋಪುರ. ಅದರ ಹೆಸರೇ ದಪ್ಪ ಗೋಪುರ.

ಮಗಳ ಮನೆ ಇರುವುದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಶನಿವಾರ ಬಂತೆಂದರೆ ಅಪ್ಪ ಅಮ್ಮನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಲೇಬೇಕೆಂದು ಆ ಹುಡುಗಿ ಹಟ ತೊಟ್ಟಿದ್ದಾಳೆ. ಲೋಕಲ್ ರೈಲು ಹತ್ತಿದರೆ, ಕಿಟಕಿಯಾಚೆ ಬೆನ್ಜ್ ಕಾರಿನ ಕಾರ್ಖಾನೆ, ದ್ರಾಕ್ಷಿ ತೋಟ, ಮತ್ತೆ ಕಾರ್ಖಾನೆ. ಅಷ್ಟರಲ್ಲಿ ಊರು ಬಂದೇಬಿಡುತ್ತದೆ. ತಂದ ಚಿತ್ರಾನ್ನದ ಡಬ್ಬಿ ತೆಗೆಯುವುದಕ್ಕೂ ಪುರಸೊತ್ತಿಲ್ಲ. ಇದೂ ಒಂದು ಪ್ರಯಾಣವೇ?

ಊರು ಚೆಂದ, ಇಲ್ಲವೆನ್ನಲಾರೆ. ಒಂದು ಕಾಲಕ್ಕೆ ಚಕ್ರವರ್ತಿಯೊಬ್ಬನಿಗೆ ಬಿಟ್ಟು ಯಾವ ದೊರೆಗೂ ತಲೆಬಾಗದ ಸ್ವತಂತ್ರ ನಗರವಂತೆ. ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ನೆಲಸಮವಾದರೂ ಇದು ಹೆಚ್ಚು ಪೆಟ್ಟು ತಿನ್ನದೆ ಉಳಿಯಿತಂತೆ. ಹಾಗಾಗಿ 1330ರ ಆಸುಪಾಸಿನ ಮರದ ಚೌಕಟ್ಟಿನ ಮನೆಗಳು ಸಾಲಾಗಿ ಇನ್ನೂ ನಿಂತಿವೆ, ಒಳಗೆ ಜನ ಸಂಸಾರ ಮಾಡುತ್ತಿದ್ದಾರೆ. ಅಳಿಯಂದಿರು ಒಂದೊಂದು ತೊಲೆಯದೂ ಫೋಟೋ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಸಂತ ಡಯೊನೀಸಿಯಸ್ಸನ ಚರ್ಚಿನ ಎರಡು ಗೋಪುರಗಳು ವಾಲತೊಡಗಿದ್ದರಿಂದ ನಡುವೆ ಸೇತುವೆ ಹಾಕಿ ಒಂದಕ್ಕೊಂದನ್ನು ಬಿಗಿದಿದ್ದಾರೆ. ಅದನ್ನು ವಿವರಿಸುವಾಗ ಅಳಿಯಂದಿರು ನನ್ನ ಕಡೆಗೊಮ್ಮೆ ನಮ್ಮವರ ಕಡೆಗೊಮ್ಮೆ ಯಾಕೆ ನೋಡಿದರೋ ಕಾಣೆ. 1826ರಿಂದ ಬುರುಗು ವೈನ್ ಮಾಡುತ್ತಿರುವ ಕೆಸ್ಲರ್ ಅನ್ನುವ ನೆಲಮಾಳಿಗೆಯೂ ಇತ್ತು. ನಮ್ಮವರು ಮೂಗು ಮುಚ್ಚಿಕೊಂಡು ಅದರ ಮುಂದೆ ಅಗತ್ಯಕ್ಕಿಂತ ನಿಧಾನವಾಗಿ ನಡೆದರು.

ಆಮೇಲೆ ಸಂತೆ.

ಚೌಕದ ತುಂಬ ಡೇರೆ, ಮರದ ಪೆಟ್ಟಿಗೆಗಳಲ್ಲಿ ತರಕಾರಿ. ಒಂದು ಪೆಟ್ಟಿಗೆಯಲ್ಲಿ ಈರುಳ್ಳಿ. ಹೊಂಬಣ್ಣದ ತೆಳು ಸಿಪ್ಪೆ, ಒಂದೂ ಜೋಡುಗೆಡ್ಡೆ ಇಲ್ಲ, ಬೇರಿನ ಗಡ್ಡ ನೀಟಾಗಿ ಕತ್ತರಿಸಿದೆ. ನೋಡನೋಡುತ್ತಿದ್ದಂತೆ ನನ್ನ ಬಲಗೈ ತಾನಾಗಿ ಹೋಯಿತು. "ಅಮ್ಮಾ, ಇಲ್ಲಿ ಏನನ್ನೂ ಮುಟ್ಟಬೇಡ" ಎಂದು ಮಗಳು ರೈಲಿನಲ್ಲೇ ಹೇಳಿದ್ದಳು. ಅವಳು ಹೇಳಿದ್ದು ನನಗೆ, ಕೈಗಲ್ಲ.

ಈರುಳ್ಳಿ ಆರಿಸುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ತೊಟ್ಟಿನ ಕಡೆ ಹೆಬ್ಬೆರಳಿಂದ ಒತ್ತಬೇಕು. ಮೆತ್ತಗಾಯಿತೋ, ಒಳಗೆ ಕೊಳೆತಿದೆ. ಬುಡವನ್ನು ಮೂಸಬೇಕು. ಕಿವಿಯ ಹತ್ತಿರ ಹಿಡಿದು ಸಿಪ್ಪೆ ಸರಸರ ಎನ್ನುತ್ತದೆಯೇ ಕೇಳಬೇಕು. ದೇವರಾಜ ಮಾರ್ಕೆಟ್ಟಿನ ಈರುಳ್ಳಿಯವನು, "ಅಮ್ಮಾವ್ರೇ, ಹೆಣ್ಣು ನೋಡೋಕೆ ಬಂದಿದ್ದೀರಾ?" ಅಂತ ರೇಗುವುದುಂಟು. ರೇಗಲಿ, ಆದರೆ ನೋಡಲು ಬಿಡುತ್ತಾನೆ.

ಇಲ್ಲಿ ನಾನಿನ್ನೂ ಹೆಬ್ಬೆರಳ ಹಂತದಲ್ಲೇ ಇದ್ದೆ. ಹಸಿರು ಏಪ್ರನ್ನಿನ ಹೆಂಗಸು "ನೈನ್" ಎಂದಳು. ನನಗೆ ಬರುವ ಜರ್ಮನ್ನಿನಲ್ಲಿ ಅದೂ ಒಂದು. ಆದರೂ ಒಂಬತ್ತು ಯೂರೋ ಅಂತ ರೇಟು ಹೇಳಿದಳೋ ಏನೋ ಎನ್ನುವ ಮುಖ ಮಾಡಿ ಎರಡನೆಯದನ್ನು ಎತ್ತಿದೆ. ಅವಳು ಸಾವಕಾಶವಾಗಿ ಬಂದಳು. ನನ್ನ ಬೆರಳು ಬಿಡಿಸಿ ಈರುಳ್ಳಿ ತೆಗೆದುಕೊಂಡಳು. ಏಪ್ರನ್ನಿಗೆ ಒರೆಸಿದಳು. ಎಲ್ಲಿಂದ ಎತ್ತಿದ್ದೆನೋ ಅದೇ ಕುಳಿಯಲ್ಲಿ, ಅದೇ ಮಗ್ಗುಲಿಗೆ ಇಟ್ಟಳು. ಆಣೆ ಮಾಡಿ ಹೇಳುತ್ತೇನೆ, ಸಿಪ್ಪೆಯ ತುದಿಯನ್ನೂ ಮೊದಲಿನ ದಿಕ್ಕಿಗೇ ತಿರುಗಿಸಿದಳು.

ಸರಿ, ಮುಟ್ಟುವುದಿಲ್ಲ. ತೋರಿಸುವುದಕ್ಕೇನು? ಒಂದು ಗುಂಡನೆಯದರ ಕಡೆ ಬೆರಳು ಮಾಡಿದೆ. ಅವಳು ಪಕ್ಕದ್ದನ್ನು ಎತ್ತಿದಳು. ನಾನು ತಲೆಯಾಡಿಸಿದೆ. ಅವಳು ಆ ಪಕ್ಕದ್ದನ್ನು ಎತ್ತಿದಳು. ನಾನು ಬೆರಳನ್ನು ಈರುಳ್ಳಿಯ ಕೂದಲೆಳೆಯಷ್ಟು ಮೇಲಕ್ಕೆ ಒಯ್ದು, ತಗಲಿಸದೆ, ಮೂರು ಸುತ್ತು ತಿರುಗಿಸಿದೆ. ಆರತಿ ಎತ್ತಿದಂತಾಯಿತು. ಅವಳ ಕಣ್ಣು ನನ್ನ ಉಗುರಿನ ಮೇಲೇ ಇತ್ತು. ಬೆನ್ನ ಹಿಂದೆ ಸಾಲು ಬೆಳೆದಿತ್ತು. ಒಬ್ಬರಾದರೂ ಗೊಣಗಬಾರದೇ? "ಬೇಗ ತಗಳಮ್ಮೋ, ಬಸ್ಸಿಗೆ ಹೊತ್ತಾಯ್ತು" ಅಂತ ಯಾರಾದರೂ ಕೂಗಿದ್ದರೆ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದೆ. ಈ ಜನ ಬೈಯುವುದೂ ಇಲ್ಲ, ಸುಮ್ಮನೆ ನಿಂತು ಕಾಯುತ್ತಾರೆ. ಮಗಳು ಎದುರು ಅಂಗಡಿಯ ಚೀಸಿನ ಮುಂದೆ, ನಾನು ಯಾರೋ ತಾನು ಯಾರೋ ಎಂಬಂತೆ ನಿಂತುಬಿಟ್ಟಿದ್ದಳು.

ಕೈಹಿಡಿದವಳು ಮೊಮ್ಮಗಳೊಬ್ಬಳೇ. ಒಂದನೇ ಕ್ಲಾಸು. "ಅಜ್ಜೀ, ಎಷ್ಟು ಬೇಕು ಅಂತ ಕೇಳ್ತಿದಾರೆ."

"ಒಂದು ಕಿಲೋ. ಆರಿಸಿ ಕೊಡೋಕೆ ಹೇಳು."

ಅದೇನೋ ಹೇಳಿದಳು. ಹೆಂಗಸು ಕಣ್ಣು ಹಾಯಿಸದೆ ಟಪಟಪ ಕಾಗದದ ಚೀಲಕ್ಕೆ ಹಾಕಿದಳು.

"ಕೊಸರು ಕೇಳು ಪುಟ್ಟಿ. ಒಂದೆರಡು ಎಸಳು ಕೊತ್ತಂಬರಿಯಾದರೂ ಹಾಕಲಿ."

ಪುಟ್ಟಿ ನನ್ನ ಮುಖ ನೋಡಿದಳು. ಕೇಳಲಿಲ್ಲ. ದುಡ್ಡು ಕೊಟ್ಟು ಬಂದೆವು. ನೋಡದೆ ತಾಳಿ ಕಟ್ಟಿದವನ ಸಂಕಟ ನನಗೆ ಅವತ್ತು ತಿಳಿಯಿತು.

ಊಟಕ್ಕೆ ಕೂತಾಗ ಅಳಿಯಂದಿರು ಒಂದು ಕಥೆ ಹೇಳಿದರು. ಹಿಂದೆ ಸೈತಾನ ವೇಷ ಮರೆಸಿಕೊಂಡು ಈ ಊರಿನ ಸಂತೆಗೆ ಬಂದನಂತೆ. ಮಾರುತ್ತಿದ್ದ ಹೆಂಗಸಿನ ಹತ್ತಿರ ಸೇಬು ಕೇಳಿದ. ಅವಳು ಅವನ ಗುರುತು ಹಿಡಿದು, ಸೇಬಿನ ಬದಲು ಈರುಳ್ಳಿ ಕೊಟ್ಟಳು. ಗಬಕ್ಕನೆ ಕಚ್ಚಿದವನ ಕಣ್ಣು ಮೂಗಲ್ಲೆಲ್ಲ ನೀರು. "ಇದನ್ನೇ ಸೇಬು ಅಂತೀರಾ? ಇನ್ನು ಮೇಲೆ ನೀವು ಈರುಳ್ಳಿಯವರೇ" ಎಂದು ಶಪಿಸಿ ಓಡಿದ. ಊರವರು ಆ ಬೈಗುಳವನ್ನೇ ಬಿರುದು ಮಾಡಿಕೊಂಡು ಬೇಸಿಗೆಯಲ್ಲಿ ಈರುಳ್ಳಿ ಹಬ್ಬವನ್ನೂ ಮಾಡುತ್ತಿದ್ದರಂತೆ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನರಕವನ್ನೇ ಆಳುವವನಿಗೆ ಸೇಬು ಯಾವುದು, ಈರುಳ್ಳಿ ಯಾವುದು ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ, ಮುಟ್ಟಿ ನೋಡಲು ಬಿಟ್ಟಿದ್ದರೆ! ಅವನೂ ಪಾಪ ಬೆರಳು ತೋರಿಸಿರುತ್ತಾನೆ, ಇವಳು ಪಕ್ಕದ್ದನ್ನು ಎತ್ತಿರುತ್ತಾಳೆ. ಹಿಂದೆ ಸಾಲು ನಿಂತಿರುತ್ತದೆ. ಮರ್ಯಾದೆಗೆ ಅಂಜಿ ಕೊಟ್ಟದ್ದನ್ನು ತೆಗೆದುಕೊಂಡಿದ್ದಾನೆ. ಈ ವ್ಯಾಖ್ಯಾನವನ್ನು ಸವಿಸ್ತಾರವಾಗಿ ಮಂಡಿಸಿದೆ. "ಅಮ್ಮಾ, ಮೆಲ್ಲಗೆ ಮಾತಾಡು" ಅಂದಳು ಮಗಳು.

ನಮ್ಮವರು ಮಾತ್ರ ನನ್ನ ಮಾತನ್ನು ಕೇಳಿಸಿಕೊಂಡೇ ಇರಲಿಲ್ಲ. ಬೆಳಗ್ಗಿನಿಂದ ಅವರದೊಂದು ವರಸೆ ನಡೆದಿತ್ತು. ಗಲ್ಲಿಗಲ್ಲಿಯ ಹಳೆಯ ಬಾಗಿಲುಗಳ ಮುಂದೆ ನಿಲ್ಲುವುದು, ಹಲಗೆ ಓದುವುದು, ಮುಂದೆ ಹೋಗುವುದು. ಬಾಡಿಗೆ ಮನೆ ಹುಡುಕುತ್ತಿದ್ದಾರೇನೋ ಅಂದುಕೊಂಡಿದ್ದೆ. ನೆಕ್ಕಾರ್ ನದಿಯ ಕಾಲುವೆಯ ಮೇಲಿನ ಕಲ್ಲುಸೇತುವೆಯಲ್ಲಿ ಬಾಯಿಬಿಟ್ಟರು: "ಮೋಗ್ಲಿಂಗ್ ಸತ್ತದ್ದು ಈ ಊರಲ್ಲಿ ಕಣೇ."

ಕನ್ನಡ ಮೇಷ್ಟರಾಗಿದ್ದವರು. ಜುಲೈ ಒಂದರ ಪತ್ರಿಕಾ ದಿನಕ್ಕೆ ಹರ್ಮನ್ ಮೋಗ್ಲಿಂಗ್ ಮೇಲೆ ಭಾಷಣ ಮಾಡಿ ಶಾಲು ಹೊದ್ದು ಬರುತ್ತಿದ್ದರು. 1836ರಲ್ಲಿ ಮಂಗಳೂರಿಗೆ ಬಂದ ಪಾದ್ರಿ. 1843ರಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ. ಧರ್ಮ ಹೇಳಲು ಬಂದವನು ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಅಚ್ಚು ಹಾಕಿಸುವ ಕೆಲಸಕ್ಕೆ ಬಿದ್ದ. ಹೆಂಡತಿಯ ಆರೋಗ್ಯ ಕೆಟ್ಟು 1860ರಲ್ಲಿ ಜರ್ಮನಿಗೆ ಮರಳಿದ. 1881ರಲ್ಲಿ ಇಲ್ಲಿ ತೀರಿಕೊಂಡ.

"ವಾಪಸು ಬಂದ ಮೇಲೆ ಇಪ್ಪತ್ತು ವರ್ಷ. ಯಾರ ಹತ್ತಿರ ಕನ್ನಡ ಆಡುತ್ತಿದ್ದನೋ" ಅಂದರು.

ಆ ಪ್ರಶ್ನೆ ಯಾಕೋ ನನಗೆ ಚುಚ್ಚಿತು. ಮೊಮ್ಮಗಳು ಸೇತುವೆಯ ಗೋಡೆಯ ಮೇಲೆ ಬಾತುಕೋಳಿಗಳನ್ನು ಎಣಿಸುತ್ತಿದ್ದಳು, ಜರ್ಮನ್ನಿನಲ್ಲಿ. ನನಗೂ ತಾತನಿಗೂ ಇರಲಿ ಅಂತ ಮಾತ್ರ ಕನ್ನಡ ಆಡುತ್ತಾಳೆ, ನಾವು ಹೊರಟ ಮೇಲೆ ಆ ಖರ್ಚೂ ಇಲ್ಲ. ಮಗಳನ್ನು ಅನ್ನೋಣವೆಂದರೆ, ಅವಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿ ಬಂದವಳು ನಾನೇ. ಮೇಷ್ಟರೂ ಜೊತೆಗಿದ್ದರು.

ಸಂಜೆ ಮನೆಯಲ್ಲಿ ಈರುಳ್ಳಿ ಹೆಚ್ಚಿಸಿದೆ. ಎಲ್ಲವೂ ಗಟ್ಟಿ, ಎಲ್ಲವೂ ಲಕ್ಷಣ. ನನಗೆ ಮಹಾ ನಿರಾಸೆಯಾಯಿತು. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಪುಟ್ಟಿ ಬಂದು, "ಅಜ್ಜೀ, ಸೈತಾನ ಆಮೇಲೆ ಆ ಈರುಳ್ಳಿ ಏನು ಮಾಡಿದ?" ಅಂದಳು. ಕನ್ನಡದಲ್ಲೇ ಕೇಳಿದಳು.

"ಇನ್ನೇನು ಮಾಡ್ತಾನೆ? ಮನೆಗೆ ಹೋಗಿ ಬೋಂಡ ಹಾಕಿಸಿಕೊಂಡ."

"ಅವನಿಗೆ ಅಜ್ಜಿ ಇದ್ರಾ?"

"ಹೆಂಡತಿ ಇದ್ದಳು. ಅವಳು ಕರೆದು ಕೊಟ್ಟಳು, ಅವನು ಹೆಚ್ಚಿ ಕೊಟ್ಟ."

ಈಳಿಗೆಮಣೆ ಸಿಗದೆ ಚಾಕುವಿನಲ್ಲಿ ಒದ್ದಾಡುತ್ತಿದ್ದ ಮೇಷ್ಟರು, ಕಣ್ಣು ಮೂಗು ಒರೆಸಿಕೊಳ್ಳುತ್ತ, ಆ ಕಥೆಯಲ್ಲಿ ಹಾಗೇನೂ ಇಲ್ಲ ಎಂದರು.