ಸಂಕರಶಕಟದ ಮೈಲೇಜು ಮೀಮಾಂಸೆ

ಗ್ರಂಥಾರಂಭದಲ್ಲಿ ಪೆಟ್ರೋಲ್ ಬಂಕಿನ ಹುಡುಗನಿಗೆ ವಂದನೆ. 'ಜೀರೋ ನೋಡ್ಕೊಳಿ ಸಾರ್' ಎಂಬ ಆತನ ಘೋಷವಾಕ್ಯದಿಂದಲೇ ಈ ಶಾಸ್ತ್ರ ಹೊರಡುತ್ತದೆ. ಶೂನ್ಯವನ್ನು ಕಣ್ಣಾರೆ ಕಾಣದೆ ಮೈಲೇಜನ್ನು ಕಂಡವರು ಯಾರೂ ಇಲ್ಲ.

ಬೆಂಗಳೂರು–ಮೈಸೂರು ದಶಪಥದಲ್ಲಿ ದಿನವೂ ಕೆಲಸಕ್ಕೆ ಓಡಾಡುವ ಗೃಹಸ್ಥನ ಹೈಬ್ರಿಡ್ ಕಾರು ಲೀಟರಿಗೆ ನಿಜಕ್ಕೂ ಎಷ್ಟು ಕೊಡುತ್ತದೆ ಎಂಬುದು ಪ್ರಸ್ತುತ ಜಿಜ್ಞಾಸೆ. ವಿಷಯ ಕ್ಷುಲ್ಲಕವೆಂದು ಕೆಲವರು ಮೂಗು ಮುರಿಯಬಹುದು. ಅಂಥವರು ಮದುವೆ ಊಟದ ಪಂಕ್ತಿಯಲ್ಲಿ ಹೊಸ ಕಾರಿನ ಯಜಮಾನನ ಪಕ್ಕ ಎಂದೂ ಕೂತವರಲ್ಲ. ಕೋಸಂಬರಿ ಬಡಿಸುವಾಗ 24 ಇದ್ದ ಅಂಕಿ ಹೋಳಿಗೆಯ ಹೊತ್ತಿಗೆ 26 ಆಗಿ, ಮಜ್ಜಿಗೆ ಬರುವಷ್ಟರಲ್ಲಿ 28 ಮುಟ್ಟಿರುತ್ತದೆ. ಕಾರು ಮಾತ್ರ ಛತ್ರದ ಹೊರಗೆ ನಿಂತಲ್ಲೇ ನಿಂತಿರುತ್ತದೆ. ಅಲುಗಾಡದ ವಾಹನವೊಂದರ ಮೈಲೇಜು ಹೀಗೆ ಏರುವುದು ಭೌತಶಾಸ್ತ್ರಕ್ಕೆ ನಿಲುಕದ ವಿದ್ಯಮಾನವಾದ್ದರಿಂದ ಮೀಮಾಂಸಕರು ಮಧ್ಯೆ ಬರಬೇಕಾಯಿತು.

ಈ ರಸ್ತೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಶಕಟದ ಜನ್ಮಭೂಮಿ ಇದೇ ದಾರಿಯಲ್ಲಿದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಹುಟ್ಟಿತು. 2022ರಲ್ಲಿ ಹೈರೈಡರ್ ಹುಟ್ಟಿತು. ಅದರ ಅವಳಿ ಗ್ರಾಂಡ್ ವಿಟಾರಾ ಅದೇ ಸೂತಿಕಾಗೃಹದಲ್ಲಿ ಹುಟ್ಟಿ ಮಾರುತಿಯ ಮನೆತನಕ್ಕೆ ದತ್ತು ಹೋಯಿತು. ಜಪಾನಿನಲ್ಲಿ 1997ರ ಡಿಸೆಂಬರಿನಲ್ಲಿ ಪ್ರಿಯಸ್ ಎಂಬ ಮೂಲಪುರುಷ ಅವತರಿಸಿದ್ದು ನಿಜ. ಆದರೆ ತಟ್ಟೆ ಇಡ್ಲಿಯ ನಂತರ ಬಿಡದಿ ಲೋಕಕ್ಕಿತ್ತ ಎರಡನೇ ದೊಡ್ಡ ಕೊಡುಗೆ ಈ ಶಕಟವೇ ಎಂಬ ನಮ್ಮ ವಾದಕ್ಕೆ ಅದರಿಂದ ಬಾಧೆಯಿಲ್ಲ.

ಇನ್ನು ತತ್ತ್ವನಿರೂಪಣೆ. ಈ ಶಕಟದೊಳಗೆ ಪೆಟ್ರೋಲ್ ಎಂಜಿನ್ ಒಂದು, ವಿದ್ಯುತ್ ಮೋಟಾರು ಒಂದು. ಎರಡೂ ಬೇರೆಬೇರೆ ಎಂದು ಒಂದು ಮತ. ಚಕ್ರಕ್ಕೆ ಮುಟ್ಟುವ ಶಕ್ತಿ ಒಂದೇ ಆದ್ದರಿಂದ ಭೇದವೆಲ್ಲ ತೋರಿಕೆ ಎಂದು ಇನ್ನೊಂದು ಮತ. ಸೂರ್ಯನ ಸುತ್ತ ಗ್ರಹಗಳಂತೆ ತಿರುಗುವ ಗಿಯರುಗಳ ಕಟ್ಟೊಂದು ಇವೆರಡನ್ನೂ ಕೂಡಿಸುವುದರಿಂದ ಇಲ್ಲಿರುವುದು ವಿಶಿಷ್ಟಾದ್ವೈತವೇ ಎಂದು ಮೂರನೆಯವರು. ಮೇಲುಕೋಟೆಗೆ ತಿರುಗುವ ದಾರಿ ಇದೇ ಹೆದ್ದಾರಿಯ ಆಸುಪಾಸಿನಲ್ಲಿ ಇರುವುದರಿಂದ ಇವರ ಬಾಯಿ ಮುಚ್ಚಿಸುವುದು ಕಷ್ಟ. ಬ್ಯಾಟರಿಯ ವಿಷಯದಲ್ಲಿ ಮಾತ್ರ ಮೂವರಿಗೂ ಜಗಳವಿಲ್ಲ. ಇದಕ್ಕೆ ಗೋಡೆಗೆ ಚುಚ್ಚುವ ಪ್ಲಗ್ಗೇ ಇಲ್ಲ. ಅದರಲ್ಲಿರುವ ಪ್ರತಿ ಹನಿ ವಿದ್ಯುತ್ತೂ ಒಂದಾನೊಂದು ಕಾಲಕ್ಕೆ ಪೆಟ್ರೋಲೇ ಆಗಿತ್ತು. ಆದ್ದರಿಂದ ಪೆಟ್ರೋಲು ಸ್ವತಂತ್ರ, ಬ್ಯಾಟರಿ ಅಸ್ವತಂತ್ರ. ಅದರ ಒಟ್ಟು ಸಾಮರ್ಥ್ಯ 0.76 ಯೂನಿಟ್, ಎಂದರೆ 2 ಕಿಲೋವಾಟಿನ ಬಚ್ಚಲುಮನೆ ಗೀಸರು 23 ನಿಮಿಷ ಉರಿದರೆ ಖಾಲಿಯಾಗುವಷ್ಟು. ನೂರರ ವೇಗದಲ್ಲಿ ಇದು ಮೂರು ನಿಮಿಷಕ್ಕೂ ಒದಗದು. 'ಎಲೆಕ್ಟ್ರಿಕ್‌ನಲ್ಲೇ ಅರ್ಧ ದಾರಿ ಹೋಗುತ್ತೆ' ಎನ್ನುವವರು ಯಾವ ಅರ್ಧ, ಯಾವ ದಾರಿ ಎಂಬುದನ್ನು ಸ್ಪಷ್ಟಪಡಿಸಬೇಕು.

ಪ್ರಮಾಣಗಳು ನಾಲ್ಕೆಂದು ನ್ಯಾಯಶಾಸ್ತ್ರ. ಮೈಲೇಜಿಗೂ ನಾಲ್ಕೇ.

ಮೊದಲನೆಯದು ಶಬ್ದಪ್ರಮಾಣ. ಪುಣೆಯ ಎಆರ್‌ಎಐ ಪೀಠದಿಂದ ಹೊರಟ ಆಪ್ತವಾಕ್ಯದ ಪ್ರಕಾರ ಹೈರೈಡರ್, ವಿಟಾರಾಗಳಿಗೆ ಲೀಟರಿಗೆ 27.97 ಕಿ.ಮೀ. ಇಲ್ಲಿ 28 ಎಂದು ದುಂಡಗೆ ಹೇಳದಿರುವುದನ್ನು ಗಮನಿಸಬೇಕು. ಬಡಾಯಿಗಾರನ ಅಂಕಿಗೆ ದಶಮಾಂಶವಿರುವುದಿಲ್ಲ. ಟ್ಯಾಂಕು 45 ಲೀಟರಿನದಾದ್ದರಿಂದ ಒಮ್ಮೆ ತುಂಬಿಸಿದರೆ 1258 ಕಿ.ಮೀ. ಆಯಿತು. ಬೆಂಗಳೂರಿನಿಂದ ಮುಂಬೈ ಮುಟ್ಟಿ, ಅಲ್ಲಿ ನೆಂಟರ ಮನೆ ಸಿಗದೆ ಇನ್ನೂರು ಕಿಲೋಮೀಟರ್ ಅಲೆದರೂ ಪೆಟ್ರೋಲ್ ಮಿಕ್ಕೀತು. ಶ್ರುತಿವಾಕ್ಯವನ್ನು ಪ್ರಶ್ನಿಸುವಂತಿಲ್ಲ, ಅರ್ಥೈಸಬೇಕಷ್ಟೆ. ಅರ್ಥವನ್ನು ಮುಂದೆ ಹೇಳುತ್ತೇವೆ.

ಎರಡನೆಯದು ಪ್ರತ್ಯಕ್ಷ, ಎಂದರೆ ಸ್ಟಿಯರಿಂಗ್ ಹಿಂದಿನ ಪರದೆಯಲ್ಲಿ ಮೂಡುವ ಅಂಕಿ. ಇದು ಮನಸ್ಸಿಗೆ ಹಿತ. ಮೂರನೆಯದು ಅನುಮಾನ: ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ನಳಿಕೆ ತಾನಾಗಿ ಟಕ್ಕೆನ್ನುವ ತನಕ ತುಂಬಿಸಿ ಭಾಗಿಸುವುದು. ಇದು ಪರದೆಯ ಅಂಕಿಗಿಂತ ಸಾಮಾನ್ಯವಾಗಿ ಕಡಿಮೆ ಬರುವುದರಿಂದ ಗೃಹಸ್ಥರಲ್ಲಿ ಜನಪ್ರಿಯವಾಗಿಲ್ಲ. ಅಲ್ಲದೆ ಟಕ್ಕೆಂದ ಮೇಲೂ 'ರೌಂಡ್ ಫಿಗರ್ ಮಾಡ್ಲಾ ಸಾರ್' ಎಂದು ಹುಡುಗ ಒಂದಿಷ್ಟು ಸುರಿದರೆ ಸಂಶೋಧನೆಯೆಲ್ಲ ಅಲ್ಲಿಗೇ ಮುಕ್ತಾಯ. ನಾಲ್ಕನೆಯ ಉಪಮಾನವೆಂದರೆ ಭಾವಮೈದುನನ ಡೀಸೆಲ್ ಕಾರು. ಇದು ಕುಟುಂಬದ ನೆಮ್ಮದಿಗೆ ಸಂಬಂಧಿಸಿದ್ದರಿಂದ ಇಲ್ಲಿಗೇ ಬಿಡುವುದು ಮೇಲು.

ಪ್ರಯೋಗಕ್ಕೆ ಬರೋಣ. ನಮ್ಮ ಗೃಹಸ್ಥ ಕೆಂಗೇರಿಯ ಜಂಗುಳಿಯಲ್ಲಿ ತೆವಳುವಾಗ ಕಾರು ಸದ್ದಿಲ್ಲದೆ ಮೋಟಾರಿನ ಮೇಲೆ ನಡೆಯುತ್ತದೆ, ನಿಂತರೆ ಎಂಜಿನ್ ಮಲಗುತ್ತದೆ, ಬ್ರೇಕ್ ಒತ್ತಿದಾಗೆಲ್ಲ ವೇಗದ ಒಂದು ಪಾಲು ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತದೆ. ಇಕ್ಕೆಲದಲ್ಲಿ ಹಾರನ್ ಒತ್ತಿ ಶಪಿಸುತ್ತಿರುವ ಜನಸ್ತೋಮದ ನಡುವೆ ಮುಗುಳ್ನಗುತ್ತ ಕೂತವನೊಬ್ಬ ಕಂಡರೆ ಆತ ಹೈಬ್ರಿಡ್ಡಿನ ಒಡೆಯನೇ. ಜಾಮ್ ಆದಷ್ಟೂ ಆತನಿಗೆ ಪುಣ್ಯಸಂಚಯ. ಟೋಲ್ ದಾಟಿ ದಶಪಥಕ್ಕೆ ಏರಿದ ಮೇಲೆ ಆತನ ಮುಖ ಸಪ್ಪಗಾಗುತ್ತದೆ. ಎಲ್ಲರೂ ಖುಷಿಪಡುವ ಖಾಲಿ ರಸ್ತೆ ಆತನ ಶತ್ರು. ಇಲ್ಲಿ ಬ್ರೇಕಿಗೆ ಕೆಲಸವಿಲ್ಲ, ಒತ್ತದ ಬ್ರೇಕಿನಿಂದ ವಿದ್ಯುತ್ ಹುಟ್ಟುವುದಿಲ್ಲ, ಮಲಗಿದ್ದ ಎಂಜಿನ್ ಎದ್ದು ಕೂತರೆ ಮತ್ತೆ ಮಲಗುವುದು ಅಪರೂಪ. ಇಂಗ್ಲೆಂಡಿನ ಜೇಮ್ಸ್ ಅಟ್ಕಿನ್ಸನ್ 1880ರ ದಶಕದಲ್ಲಿ ಯೋಚಿಸಿದ ಮಿತವ್ಯಯದ ಕ್ರಮದಲ್ಲಿ ಆ ಎಂಜಿನ್ ದುಡಿಯುವುದರಿಂದ ಮರ್ಯಾದೆ ಒಂದಿಷ್ಟು ಉಳಿಯುತ್ತದೆ. ಅದಿಲ್ಲದಿದ್ದರೆ ಹೆದ್ದಾರಿಯಲ್ಲಿ ಹೈಬ್ರಿಡ್ ಎಂದರೆ ಬ್ಯಾಟರಿ ಹೊತ್ತ ಪೆಟ್ರೋಲ್ ಕಾರೇ ಸೈ.

ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುವಂಥದ್ದು. 80ರಲ್ಲಿ ಅದು 1 ಪಾಲಾದರೆ 100ರಲ್ಲಿ 1.56 ಪಾಲು, 120ರಲ್ಲಿ 2.25 ಪಾಲು. ಈ ರಸ್ತೆಗೆ ವೇಗದ ಮಿತಿ 100 ಎಂದಿದೆ, ಕ್ಯಾಮೆರಾಗಳೂ ಇವೆ. ಮಿತಿಯಲ್ಲೇ ಹೋದರೂ ನಮ್ಮ ಶಕಟ 20ರ ಆಸುಪಾಸಿನಲ್ಲಿ ಜೋತುಬೀಳುತ್ತದೆ. ಎಡಪಥದಲ್ಲಿ 80ರಲ್ಲಿ ಹಿಡಿದಿಟ್ಟರೆ ಅಂಕಿ ಮೇಲೇಳುತ್ತದೆ, ಆದರೆ ಕೆಎಸ್‌ಆರ್‌ಟಿಸಿ ಐರಾವತವೊಂದು ಹಿಂದಿನಿಂದ ಬಂದು ದೀಪ ಮಿಟುಕಿಸುತ್ತದೆ. ಹಿಂದಿನ ಸೀಟಿನ ಮಕ್ಕಳಿಗೆ ಆ ಅವಮಾನ ಬೇಗ ಮರೆಯುವುದಿಲ್ಲ.

ಏಸಿಯ ಪ್ರಶ್ನೆಯಲ್ಲಿ ಸಹಸಂಶೋಧಕಿಯೊಂದಿಗೆ (ಈಕೆ ಸಂಶೋಧಕನ ಧರ್ಮಪತ್ನಿಯೂ ಹೌದು) ನಡೆದ ವಾಗ್ವಾದವನ್ನು ಪಾಠಭೇದವಿಲ್ಲದೆ ದಾಖಲಿಸಲಾಗಿದೆ.

'ರೀ, ಏಸಿ ಹಾಕ್ರೀ, ಬೆಂದುಹೋಗ್ತಾ ಇದೀನಿ.'

'ಪುಣೆಯಲ್ಲಿ ಏಸಿ ಹಾಕದೆ ಅಳೆದಿರೋದು ಕಣೇ. ಹಾಕಿದ್ರೆ ಹೋಲಿಕೆ ಕೆಟ್ಟುಹೋಗುತ್ತೆ.'

'ಪುಣೆಯಲ್ಲಿ ಅಳೆಯೋವಾಗ ಪಕ್ಕದಲ್ಲಿ ಹೆಂಡ್ತಿ ಕೂತಿದ್ಲಾ?'

ಪೂರ್ವಪಕ್ಷ ಇಷ್ಟು ಬಲವಾಗಿದ್ದಾಗ ಸಿದ್ಧಾಂತಿ ಏಸಿ ಹಾಕುವುದೇ ಲೇಸು. ಕಿಟಕಿ ತೆರೆದರೂ ಆ ವೇಗದಲ್ಲಿ ಗಾಳಿಯ ತಡೆ ಹೆಚ್ಚುವುದರಿಂದ ಬೆವರಿನ ಪಕ್ಷಕ್ಕೆ ಶಾಸ್ತ್ರದ ಆಧಾರವೂ ದುರ್ಬಲ.

ಈಗ ಪ್ರಬಂಧದ ಮುಖ್ಯ ಶೋಧ. ಬೆಂಗಳೂರು–ಮೈಸೂರು ಮೈಲೇಜು ಹೇಳುವವರೆಲ್ಲ ಹೋಗುವಾಗಿನದನ್ನು ಹೇಳುತ್ತಾರೆ, ಬರುವಾಗಿನದನ್ನು ಯಾರೂ ಹೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮೈಸೂರು ಸುಮಾರು 770ರಲ್ಲಿ. ಮಂಡ್ಯ ಇನ್ನೂ ಕೆಳಗೆ, 680ರ ಹತ್ತಿರ. ಹೋಗುವುದೆಂದರೆ ಇಳಿಯುವುದು. ಒಂದೂವರೆ ಟನ್ ತೂಕದ ಕಾರು 150 ಮೀಟರ್ ಇಳಿದರೆ ಸಿಗುವ ಶಕ್ತಿ 0.6 ಯೂನಿಟ್ಟಿನಷ್ಟು, ಎಂಜಿನ್ನಿನ ದಕ್ಷತೆ ಲೆಕ್ಕ ಹಾಕಿದರೆ ಒಂದು ಲೋಟ ಪೆಟ್ರೋಲ್ ಮಾತ್ರ. ಅಷ್ಟಾದರೂ ಮದುವೆ ಮನೆಯಲ್ಲಿ ಹೇಳಿಕೊಳ್ಳಲು ಸಾಲದೆ?

ಆಷಾಢದಲ್ಲಿ ಈ ಲೋಟವೂ ಚೆಲ್ಲಿಹೋಗುತ್ತದೆ. ಆಗ ಬೀಸುವ ಗಾಳಿ ಪಶ್ಚಿಮ, ನೈಋತ್ಯದ ಕಡೆಯದು. ಮೈಸೂರು ಬೆಂಗಳೂರಿಗೆ ನೈಋತ್ಯದಲ್ಲೇ ಇರುವುದರಿಂದ ಹೋಗುವಾಗ ಮೂಗಿಗೆ ನೇರ ಎದುರುಗಾಳಿ. ಗಾಳಿಯ ವೇಗ 20 ಎಂದರೆ 100ರಲ್ಲಿ ಓಡುವ ಕಾರಿಗೆ ತಡೆ 120ರದ್ದು. ಬರುವಾಗ ಬೆನ್ನಿಗೆ ಗಾಳಿಯಲ್ಲವೇ, ಸರಿಹೋಯಿತಲ್ಲ ಎಂದು ಪೂರ್ವಪಕ್ಷ ಹೇಳಬಹುದು. ಸರಿಹೋಗುವುದಿಲ್ಲ. 120ರ ವರ್ಗ 14400, 80ರ ವರ್ಗ 6400, ಕೂಡಿದರೆ 20800. ಗಾಳಿಯಿಲ್ಲದ ದಿನ ಎರಡು ನೂರುಗಳ ವರ್ಗ ಸೇರಿ 20000 ಮಾತ್ರ. ಗಾಳಿ ಕಿತ್ತುಕೊಂಡದ್ದನ್ನು ಪೂರ್ತಿ ಹಿಂದಿರುಗಿಸುವ ಪೈಕಿಯಲ್ಲ.

ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗಬೇಕು, ಅಳಿಯ ಅತ್ತೆಯ ಮನೆಯ ಹೊಸ್ತಿಲು ತುಳಿಯಬಾರದು ಎಂದು ನಮ್ಮ ಹಿರಿಯರು ಯಾಕೆ ಹೇಳಿದರು ಎಂಬುದು ಇದರಿಂದ ನಿಚ್ಚಳವಾಗುತ್ತದೆ. ಹೆಂಡತಿಯನ್ನು ಮೈಸೂರಿನ ತವರಿಗೆ ಕಳಿಸಿದ ಬೆಂಗಳೂರಿನ ಅಳಿಯ ಪ್ರತಿ ಶನಿವಾರ ಎದುರುಗಾಳಿಗೆ ಕಾರು ಓಡಿಸಿದ್ದರೆ ಆಗುತ್ತಿದ್ದ ಇಂಧನನಷ್ಟವನ್ನು ಅವರು ಊಹಿಸಿದ್ದರು. ಪೆಟ್ರೋಲ್ ಕಂಡುಹಿಡಿಯುವ ಮೊದಲೇ ಅದನ್ನು ಉಳಿಸುವ ದಾರಿ ಕಂಡುಕೊಂಡಿದ್ದ ಜನಾಂಗ ಲೋಕದಲ್ಲಿ ಇನ್ನೊಂದಿಲ್ಲ. ಈ ಶೋಧವನ್ನು ಮೈಸೂರಿನ ಮಾವನವರಿಗೆ ಫೋನಿನಲ್ಲಿ ನಿವೇದಿಸಿದಾಗ ಅವರು, 'ಸರಿ ಅಳಿಯಂದ್ರೆ, ಶ್ರಾವಣಕ್ಕೆ ಬಸ್ಸಲ್ಲಿ ಬನ್ನಿ' ಎಂದರು. ವಿದ್ವತ್ಸಮ್ಮತಿ ಎಂದೇ ಇದನ್ನು ಪರಿಗಣಿಸಲಾಗಿದೆ.

ಟೈರಿನ ಗಾಳಿ, ಡಿಕ್ಕಿಯಲ್ಲಿ ಹೊತ್ತು ತಿರುಗುವ ಅಕ್ಕಿಮೂಟೆ ಇತ್ಯಾದಿ ಉಪಾಂಗಗಳ ಮೇಲೆ ಬೇರೆಯವರು ಬರೆಯಲಿ.

ಈಗ ಶ್ರುತಿವಾಕ್ಯದ ಅರ್ಥ. 27.97 ಸುಳ್ಳೆಂದು ಬಗೆಯುವುದು ನಾಸ್ತಿಕತೆ. ಅದು ನಿಜ, ಆದರೆ ಈ ರಸ್ತೆಯ ನಿಜವಲ್ಲ. ಪ್ರಯೋಗಶಾಲೆಯ ಉರುಳೆಗಳ ಮೇಲೆ ಕಾರು ನಿಂತಲ್ಲೇ ಓಡುವ ಆ ಪರೀಕ್ಷೆ ನಡೆಯುವುದು 1180 ಸೆಕೆಂಡು. ಕ್ರಮಿಸುವ ದೂರ ಹತ್ತೂವರೆ ಕಿ.ಮೀ. ಚಿಲ್ಲರೆ, ಗರಿಷ್ಠ ವೇಗ 90, ಸರಾಸರಿ ಗಂಟೆಗೆ 32ರ ಆಸುಪಾಸು. ಹೊರಡು, ನಿಲ್ಲು, ಮತ್ತೆ ಹೊರಡು, ಮತ್ತೆ ನಿಲ್ಲು. ಇದನ್ನು ಓದಿದ ಹಳೇ ಮೈಸೂರು ಸೀಮೆಯ ಯಾರಿಗಾದರೂ ಕಣ್ಣೆದುರು ಬರುವುದು ದಶಪಥವಲ್ಲ, ಅದರ ಪಕ್ಕದ ಸರ್ವಿಸ್ ರಸ್ತೆ. ಹಂಪು, ಆಟೋ, ಅಡ್ಡ ಬಂದ ಮೇಕೆ, ಎಳನೀರಿನವನ ಮುಂದೆ ಥಟ್ಟನೆ ನಿಂತ ಟೆಂಪೋ.

ಅಲ್ಲಿಗೆ ಇತಿಹಾಸದ ವ್ಯಂಗ್ಯವೂ ಗೋಚರಿಸುತ್ತದೆ. ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಪೇಟೆಬೀದಿಯೊಳಗೇ ನುಗ್ಗಿ, ಬೊಂಬೆಯಂಗಡಿಗೊಮ್ಮೆ ವಡೆಗೊಮ್ಮೆ ನಿಲ್ಲುತ್ತಿದ್ದ ಹಳೆಯ ದಾರಿಯೇ ಹೈಬ್ರಿಡ್ಡಿಗೆ ಹೇಳಿ ಮಾಡಿಸಿದ್ದು. ಲೋಕ ಅದಕ್ಕೆ ತಕ್ಕ ಕಾರನ್ನು 2022ರಲ್ಲಿ ಅಂತೂ ಕಂಡುಕೊಂಡಿತು. 2023ರ ಮಾರ್ಚ್ 12ರಂದು ಪ್ರಧಾನಿಯವರು ಬಂದು ಆ ಊರುಗಳನ್ನೆಲ್ಲ ಬಳಸಿ ಹೋಗುವ ಹೊಸ ರಸ್ತೆಯನ್ನು ಉದ್ಘಾಟಿಸಿದರು.

ದುಡ್ಡಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಹೆದ್ದಾರಿಯ ಉದ್ದ ಸುಮಾರು 118 ಕಿ.ಮೀ. ಲೀಟರಿಗೆ 14 ಕೊಡುವ ಬಡ ಪೆಟ್ರೋಲ್ ಕಾರು ಇದಕ್ಕೆ 8.4 ಲೀಟರ್ ಕುಡಿದರೆ 20 ಕೊಡುವ ಶಕಟ 5.9 ಲೀಟರ್ ಕುಡಿಯುತ್ತದೆ. ಉಳಿತಾಯ ಎರಡೂವರೆ ಲೀಟರ್, ನೂರರ ದರದಲ್ಲಿ 250 ರೂಪಾಯಿ. ಎರಡು ಟೋಲ್‌ಗಳು ಸೇರಿ ಒಂದು ಬದಿಗೆ ಕಿತ್ತುಕೊಳ್ಳುವುದು ಮುನ್ನೂರಕ್ಕೂ ಹೆಚ್ಚು. ಲಕ್ಷಗಟ್ಟಲೆ ಹೆಚ್ಚು ತೆತ್ತು ಕೊಂಡ ತಂತ್ರಜ್ಞಾನ ಗಣಂಗೂರಿನ ಎರಡನೇ ಟೋಲ್ ದಾಟುವಷ್ಟರಲ್ಲಿ ಐವತ್ತಕ್ಕೂ ಹೆಚ್ಚು ರೂಪಾಯಿ ಸಾಲದಲ್ಲಿರುತ್ತದೆ. ಸರ್ವಿಸ್ ರಸ್ತೆಗೆ ಸುಂಕವಿಲ್ಲ.

ಆದ್ದರಿಂದ ಸಿದ್ಧಾಂತ: ಹೈಬ್ರಿಡ್ ಉಳ್ಳವನು ಸರ್ವಿಸ್ ರಸ್ತೆಯಲ್ಲಿ ಹೋಗತಕ್ಕದ್ದು. ಮಂಡ್ಯದ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ಸಿಕ್ಕರೆ ಅದೃಷ್ಟವೆಂದು ತಿಳಿದು ಅದರ ಬೆನ್ನು ಬಿಡತಕ್ಕದ್ದಲ್ಲ. ಗಾಳಿಗೂ ಮರೆ, ಎಂಜಿನ್ನಿಗೂ ನಿದ್ದೆ. ಅದರ ಮೇಲಿನ ಕಬ್ಬು ಗಾಣ ಸೇರಿ, ಸಕ್ಕರೆ ತೆಗೆದು ಮಿಕ್ಕ ಕಾಕಂಬಿಯಿಂದ ಎಥನಾಲ್ ಆಗಿ, ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಬೆರೆತು ಎಂದಾದರೊಂದು ದಿನ ಇದೇ ಕಾರಿನ ಟ್ಯಾಂಕಿಗೆ ಬಂದೀತು. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಕಡಿಮೆ ಶಕ್ತಿ ಇರುವುದರಿಂದ ಆಗ ಮೈಲೇಜು ಒಂದಿಷ್ಟು ಇಳಿಯುತ್ತದೆ. ಮುಂದೆ ಹೋಗುತ್ತಿರುವುದು ತನ್ನ ಮುಂದಿನ ನಷ್ಟ ಎಂದು ತಿಳಿದೂ ಭಕ್ತಿಯಿಂದ ಹಿಂಬಾಲಿಸುವುದಕ್ಕೆ ಸ್ಥಿತಪ್ರಜ್ಞೆ ಬೇಕು.

ಸರಾಸರಿ 32ರಲ್ಲಿ 118 ಕಿ.ಮೀ.ಗೆ ಮೂರೂಮುಕ್ಕಾಲು ಗಂಟೆ ಹಿಡಿಯುತ್ತದೆ ಎಂಬ ಆಕ್ಷೇಪವಿದೆ. ಅಷ್ಟು ಹೊತ್ತಿಗೆ ಕಚೇರಿಯಲ್ಲಿ ಊಟದ ಬಿಡುವು ಸಮೀಪಿಸಿರುತ್ತದೆ. ಕಾಲ ಬೇರೆ, ಇಂಧನ ಬೇರೆ. ಒಂದರ ಪ್ರಮಾಣ ಇನ್ನೊಂದಕ್ಕೆ ಸಲ್ಲದು.

ಇಷ್ಟಾಗಿಯೂ ದಶಪಥದಲ್ಲೇ ಹೋಗಬೇಕೆಂಬ ಹಠವಿದ್ದವರ ಪರವಾಗಿ ಹೆದ್ದಾರಿ ಪ್ರಾಧಿಕಾರಕ್ಕೆ ಒಂದು ಬಿನ್ನಹ. ಸರ್ವಿಸ್ ರಸ್ತೆ ಬಿಟ್ಟು ಉಳಿದ ಆರು ಪಥಗಳಲ್ಲಿ ಎಡಬಲಕ್ಕೆ ಒಂದೊಂದನ್ನು ಹೈಬ್ರಿಡ್ಡುಗಳಿಗೆ ಮೀಸಲಿಟ್ಟು, ಕಿಲೋಮೀಟರಿಗೆ ನಾಲ್ಕು ಹಂಪು, ಎರಡು ಸಿಗ್ನಲ್ ಹಾಕಿಸಬೇಕು. ಅನುದಾನ ಸಾಲದಿದ್ದರೆ ಸಿಗ್ನಲ್ಲಿನಲ್ಲಿ ಕೆಂಪು ದೀಪವೊಂದನ್ನೇ ಹಾಕಿಸಿದರೂ ನಡೆಯುತ್ತದೆ, ಹಸಿರು ಬೇಕಿಲ್ಲ.