2029ರವರೆಗೆ ನಿಶ್ಚಿಂತರಾಗಿರುವ ಸಮಿತಿಯವರಿಗೆ

ಬಜೆಟ್ ಮಂಜೂರಾತಿ ಸಮಿತಿಯ ಮಾನ್ಯ ಸದಸ್ಯರಿಗೆ,
ನಮ್ಮದೇ ಕಂಪನಿ, ನಾಲ್ಕನೇ ಮಹಡಿ, ಬೆಂಗಳೂರು.

ಮಾನ್ಯರೇ,

ರಜೆ ಅರ್ಜಿ, ಪ್ರಯಾಣ ಭತ್ಯೆ, ಸ್ಟೋರ್ಸ್ ಇಂಡೆಂಟು ಇವುಗಳ ಹಳೆಯ ವೆಬ್ ಪುಟಗಳನ್ನು ಹೊಸದಾಗಿ ಬರೆಸಬೇಕೆಂಬ ಐಟಿ ವಿಭಾಗದ ಕೋರಿಕೆಯನ್ನು ತಾವು ಈ ವರ್ಷವೂ ವಾಪಸ್ ಕಳಿಸಿದ್ದೀರಿ. ಷರಾ: "ಈಗಿರುವುದೇ ಕೆಲಸ ಮಾಡುತ್ತಿದೆ." ಓದಿ ಡೆಸ್ಕ್‌ಟಾಪ್ ಸಪೋರ್ಟಿನವನಾದ ನನಗೆ ಕಣ್ಣು ತುಂಬಿ ಬಂತು. ಕೆಲಸ ಮಾಡುತ್ತಿರುವುದು ನಿಜ. ಅದರ ಕೈಲಿ ಕೆಲಸ ಮಾಡಿಸುತ್ತಿರುವವರು ಯಾರು ಎಂಬುದನ್ನು ಬರೆಯಲು ಷರಾದ ಚೌಕದಲ್ಲಿ ಜಾಗ ಸಾಲದೆ ಹೋಗಿರಬೇಕು. ಆ ಭಾಗವನ್ನು ನಾನು ಇಲ್ಲಿ ಭರ್ತಿ ಮಾಡಿಕೊಡುತ್ತೇನೆ.

ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬಂದದ್ದು 2001ರಲ್ಲಿ. ನೆಟ್‌ಸ್ಕೇಪ್ ನೆಲಕಚ್ಚಿತ್ತು, ಎದುರಾಳಿಯೇ ಇರಲಿಲ್ಲ. ಆತುರವೂ ಇರಲಿಲ್ಲ, ಏಳನೆಯ ಆವೃತ್ತಿ ಹೊರಬರಲು 2006 ಆಗಬೇಕಾಯಿತು. ಆ ಐದು ವರ್ಷಗಳಲ್ಲಿ ಕಚೇರಿಗಳೆಲ್ಲ ತಮ್ಮ ಒಳಗಿನ ಪುಟಗಳನ್ನು ಬರೆಸಿಕೊಂಡವು. ಮೊತ್ತ ಕೂಡಿಸಲು ವಿಬಿಸ್ಕ್ರಿಪ್ಟ್, ಪ್ರಿಂಟ್ ತೆಗೆಯಲು ಆಕ್ಟಿವ್‌ಎಕ್ಸ್. ಕ್ರೋಮ್‌ಗಾಗಲಿ ಫೈರ್‌ಫಾಕ್ಸ್‌ಗಾಗಲಿ ಇವೆರಡೂ ಅರ್ಥವಾಗುವುದಿಲ್ಲ. ನಮ್ಮ ರಜೆ ಅರ್ಜಿಯ ಅಡಿಯಲ್ಲಿ ಇವತ್ತಿಗೂ "800×600 ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ" ಎಂಬ ಸಾಲಿದೆ. ಬರೆದುಕೊಟ್ಟ ಗುತ್ತಿಗೆದಾರರು ಅಂಗಡಿ ಮುಚ್ಚಿದ್ದಾರೆ. ಸೋರ್ಸ್ ಕೋಡ್ ಯಾರ ಹತ್ತಿರವೂ ಇಲ್ಲ. ಅದು ಓಡುವ ಸರ್ವರನ್ನು ನಾವು ಆಯುಧಪೂಜೆಯ ದಿನ ಕುಂಕುಮ ಇಡುವುದಕ್ಕೆ ಮಾತ್ರ ಮುಟ್ಟುತ್ತೇವೆ. ಆಗಲೂ ಸ್ವಿಚ್ಚಿನ ಕಡೆ ಕೈ ಹೋಗದಂತೆ ಇನ್ನೊಬ್ಬರು ನಿಂತಿರುತ್ತಾರೆ.

ತಮಗೆ ಇಂಥ ವಿವರಗಳು ಬೇಸರ ತರುತ್ತವೆಂದು ಬಲ್ಲೆ. ಆದರೂ ಒಂದನ್ನು ಕೇಳಲೇಬೇಕು. 2009ರಲ್ಲಿ ಎಂಟನೆಯ ಆವೃತ್ತಿ ಬಂದಾಗ, ಮೈಕ್ರೋಸಾಫ್ಟಿನವರು ತಮ್ಮಂಥ ಸಮಿತಿಗಳ ಮನಸ್ಸರಿತು, ಕಚೇರಿಯೊಳಗಿನ ಪುಟಗಳನ್ನು ತಾನಾಗಿಯೇ ಏಳನೆಯ ಆವೃತ್ತಿಯ ರೀತಿಯಲ್ಲಿ ತೋರಿಸುವ ಏರ್ಪಾಡು ಮಾಡಿದರು. ಪುಟ ಒಳಗಿನದೋ ಹೊರಗಿನದೋ ಎಂದು ಬ್ರೌಸರಿಗೆ ಗೊತ್ತಾಗುವುದು ಹೇಗೆ? ಸರ್ವರಿನ ಹೆಸರಿನಲ್ಲಿ ಚುಕ್ಕಿ ಇಲ್ಲದಿದ್ದರೆ ಒಳಗಿನದು. ಇದ್ದರೆ, ಬೇರೆ ಸೂಚನೆ ಕೊಟ್ಟಿರದಿದ್ದರೆ, ಹೊರಗಿನದು. ಹೀಗಾಗಿ ಅಕೌಂಟ್ಸಿನ ಒಬ್ಬರು ಸರ್ವರಿನ ಗಿಡ್ಡ ಹೆಸರು ಟೈಪ್ ಮಾಡಿದರೆ ಪುಟ ಒಪ್ಪವಾಗಿ ಬರುತ್ತಿತ್ತು. ಪಕ್ಕದ ಕುರ್ಚಿಯವರು ಚುಕ್ಕಿಗಳಿರುವ ಪೂರ್ತಿ ವಿಳಾಸ ಉಳಿಸಿಕೊಂಡಿದ್ದರಿಂದ ಅವರ 'ಸಲ್ಲಿಸು' ಬಟನ್ ಟೇಬಲ್ಲಿನ ಹಿಂದೆ ಅಡಗಿ ಕೂರುತ್ತಿತ್ತು. ಒಂದೇ ಸರ್ವರ್, ಒಂದೇ ಬ್ರೌಸರ್, ಪಕ್ಕಪಕ್ಕದ ಕುರ್ಚಿ. ಎಲ್ಲ ಒಂದು ಚುಕ್ಕಿಯ ಕೆಲಸ ಮೇಡಂ ಎಂದು ವಿವರಿಸಿದೆ. "ಐಟಿಯವರಿಗೆ ಒಂದು ಚುಕ್ಕಿ ಸಾಕು ನೋಡಿ, ಜಾರಿಕೊಳ್ಳೋದಕ್ಕೆ" ಎಂದು ಅವರು ಎಚ್‌ಆರ್‌ಗೆ ದೂರು ಕೊಟ್ಟರು.

ಹನ್ನೊಂದನೆಯ ಆವೃತ್ತಿ ಬಂದಾಗ (2013) ಇನ್ನೊಂದು ಪ್ರಸಂಗ. ಪ್ರತಿ ಬ್ರೌಸರೂ ಸರ್ವರಿಗೆ ತನ್ನ ಪರಿಚಯದ ಒಂದು ಸಾಲು ಕಳಿಸುತ್ತದೆ. ಹಳೆಯ ಆವೃತ್ತಿಗಳ ಪರಿಚಯದಲ್ಲಿ 'ಎಂಎಸ್ಐಇ' ಎಂಬ ಅಕ್ಷರಗಳಿರುತ್ತಿದ್ದವು. ಹನ್ನೊಂದರಲ್ಲಿ ಅದನ್ನು ಕಿತ್ತುಹಾಕಿ, ಫೈರ್‌ಫಾಕ್ಸಿನ ಎಂಜಿನ್ ಆದ ಗೆಕ್ಕೋದ ಹಾಗೆ ತಾನು ಎಂದು ಹೇಳಿಸಿದರು. ನಮ್ಮ ಪ್ರಯಾಣ ಭತ್ಯೆಯ ಪುಟ ಆ ಹಳೆಯ ಅಕ್ಷರಗಳನ್ನೇ ಹುಡುಕುತ್ತಿತ್ತು. ಸಿಗಲಿಲ್ಲ. "ದಯವಿಟ್ಟು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸಿ" ಎಂದು ಇಂಟರ್ನೆಟ್ ಎಕ್ಸ್‌ಪ್ಲೋರರಿಗೇ ಬುದ್ಧಿ ಹೇಳಿ ಬಾಗಿಲು ಹಾಕಿಕೊಂಡಿತು.

ಇಷ್ಟಾದ ಮೇಲೆ ಮೈಕ್ರೋಸಾಫ್ಟಿಗೇ ಸಾಕಾಯಿತು. ಎಕ್ಸ್‌ಪ್ಲೋರರನ್ನು ಹೊಂದಾಣಿಕೆಯ ಉಪಾಯವೆಂದು ನೋಡಿ, ದಿನನಿತ್ಯದ ಬ್ರೌಸರ್ ಮಾಡಿಕೊಳ್ಳಬೇಡಿ ಎಂದು ಅದರ ತಜ್ಞರೊಬ್ಬರು 2019ರಲ್ಲೇ ಬರೆದರು. 2022ರ ಜೂನ್ 15ರಂದು ಹನ್ನೊಂದನೆಯದಕ್ಕೆ ಬೆಂಬಲ ನಿಲ್ಲಿಸಿ, ಮರುವರ್ಷ ಫೆಬ್ರವರಿ 14ಕ್ಕೆ ವಿಂಡೋಸ್ 10ರ ಹೆಚ್ಚಿನ ಕಂಪ್ಯೂಟರುಗಳಲ್ಲಿ ಅದು ತೆರೆಯದಂತೆಯೇ ಮಾಡಿದರು. ದಕ್ಷಿಣ ಕೊರಿಯಾದ ಗ್ಯೋಂಗ್ಜು ನಗರದಲ್ಲಿ ಒಬ್ಬ ಎಂಜಿನಿಯರ್ ಸ್ವಂತ ದುಡ್ಡಿನಲ್ಲಿ ಅದಕ್ಕೊಂದು ಗೋರಿಕಲ್ಲು ನಿಲ್ಲಿಸಿದರು. ಬೇರೆ ಬ್ರೌಸರ್ ಇಳಿಸಿಕೊಳ್ಳಲು ಒಳ್ಳೆಯ ಸಾಧನವಾಗಿತ್ತು ಎಂದು ಅದರ ಮೇಲೆ ಕೆತ್ತಿಸಿದರು. ಬ್ಯಾಂಕು, ಸರಕಾರಿ ಸೇವೆಗಳೆಲ್ಲ ವರ್ಷಗಟ್ಟಲೆ ಆಕ್ಟಿವ್‌ಎಕ್ಸಿಗೆ ಗಂಟುಬಿದ್ದಿದ್ದ ದೇಶ ಅದು. ಆ ಕಲ್ಲಿನ ಹಿಂದಿನ ಹೊಟ್ಟೆಯುರಿ ನನಗೆ ಚೆನ್ನಾಗಿ ಗೊತ್ತು.

ನಮ್ಮಲ್ಲಿ ಕಲ್ಲಿನ ಖರ್ಚೂ ಇಲ್ಲ, ಏಕೆಂದರೆ ನಾವು ಅದನ್ನು ಸಾಯಲು ಬಿಟ್ಟಿಲ್ಲ. ಎಡ್ಜ್ ಎಂಬ ಮೈಕ್ರೋಸಾಫ್ಟಿನ ಹೊಸ ಬ್ರೌಸರಿನೊಳಗೆ 'ಐಇ ಮೋಡ್' ಎಂದಿದೆ, ಕೆಲವು ಪುಟಗಳನ್ನು ಹಳೆಯ ಎಂಜಿನ್ನಿನಲ್ಲೇ ತೆರೆಯುತ್ತದೆ. ಎಲ್ಲ ಸುತ್ತಿ ಕೊನೆಗೆ ಹಳೇ ಗಂಡನ ಪಾದವೇ ಗತಿ. ಯಾವ ಪುಟ ಯಾವ ಕಾಲದ ಹಾಗೆ ತೆರೆಯಬೇಕೆಂದು ಒಂದು ಪಟ್ಟಿ ಬರೆದು ಎಲ್ಲ ಕಂಪ್ಯೂಟರಿಗೂ ಹಂಚುತ್ತೇವೆ. ಸುಲಭ ಎನ್ನುತ್ತೀರಿ. ನಮ್ಮ ಲಾಗಿನ್ ಪುಟ ಹೊಸ ಎಂಜಿನ್ನಿನಲ್ಲಿದೆ, ಅರ್ಜಿಯ ಪುಟ ಹಳೆಯದರಲ್ಲಿ. ಅಲ್ಲಿ ಲಾಗಿನ್ ಆದವರು ಇಲ್ಲಿ ಅಪರಿಚಿತರು. ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಟ್ಟ ಹಾಗೆ ಮಾಡಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಲಾಗಿನ್ ಸರ್ವರನ್ನು ಪಟ್ಟಿಯಲ್ಲಿ 'ತಟಸ್ಥ' ಎಂದು ಸೇರಿಸಿದ ಮೇಲಷ್ಟೇ ಈ ಗಿರಕಿ ನಿಂತಿತು. ಅದನ್ನು ಕಂಡುಹಿಡಿಯುವ ಹೊತ್ತಿಗೆ ಖರೀದಿ ವಿಭಾಗದ ಅರ್ಧ ಜನರ ಅಕೌಂಟು ಲಾಕ್ ಆಗಿತ್ತು.

ಪಟ್ಟಿಗೆ ಸೇರದ ಪುಟಗಳದ್ದು ಬೇರೆ ಕಥೆ. ನೌಕರರು ತಾವೇ ಐಇ ಮೋಡ್‌ನಲ್ಲಿ ತೆರೆದು, ಮುಂದಿನ ಸಲವೂ ಹೀಗೇ ತೆರೆ ಎಂದು ಹೇಳಿದರೆ ಎಡ್ಜ್ 30 ದಿನ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಮರೆಯುತ್ತದೆ. ಆಗ ನನಗೆ ಫೋನ್ ಬರುತ್ತದೆ. "ಸಾರ್, ನಿನ್ನೆವರೆಗೂ ಬರ್ತಿತ್ತು. ನಾನೇನೂ ಮುಟ್ಟಿಲ್ಲ ಸಾರ್, ದೇವರಾಣೆ." ನನ್ನ ವೃತ್ತಿಯಲ್ಲಿ ಈ ಮಾತನ್ನು ನಂಬುವವರಿಲ್ಲ. ಈ ಒಂದು ಸಂದರ್ಭದಲ್ಲಿ ಅದು ಪೂರ್ತಿ ಸತ್ಯ.

ಸೆಕ್ಯುರಿಟಿ ಆಡಿಟ್‌ನವರು ಬಂದಾಗ "ಎಲ್ಲ ಕಂಪ್ಯೂಟರುಗಳಲ್ಲೂ ಇತ್ತೀಚಿನ ಬ್ರೌಸರ್ ಇದೆಯೇ?" ಎಂಬ ಪ್ರಶ್ನೆಗೆ ಹೌದು ಎಂದು ಟಿಕ್ ಹಾಕುತ್ತೇವೆ. ಸುಳ್ಳಲ್ಲ. ಇತ್ತೀಚಿನ ಬ್ರೌಸರಿನ ಹೊಟ್ಟೆಯಲ್ಲಿ ಏನಿದೆ ಎಂದು ಅವರ ಫಾರಂ ಕೇಳುವುದಿಲ್ಲ. 2024ರ ಜುಲೈನಲ್ಲಿ ಮೈಕ್ರೋಸಾಫ್ಟ್ ಮುಚ್ಚಿದ ಒಂದು ಕಿಂಡಿಯನ್ನು ಮಾತ್ರ ಇಲ್ಲಿ ನೆನಪಿಸುತ್ತೇನೆ. ಪಿಡಿಎಫ್ ಎಂದು ತೋರುವ ಶಾರ್ಟ್‌ಕಟ್ ಒತ್ತಿದರೆ, ವಿಂಡೋಸ್ 11ರಲ್ಲೂ ನಿವೃತ್ತ ಎಕ್ಸ್‌ಪ್ಲೋರರೇ ಎದ್ದು ಬಂದು ದಾಳಿಕೋರರ ಪುಟ ತೆರೆಯುತ್ತಿತ್ತು.

ಇದೇ ಬೆಂಗಳೂರಿನಲ್ಲಿ ಕೂತು ಹೊರದೇಶದ ಬ್ಯಾಂಕುಗಳ, ವಿಮಾ ಕಂಪನಿಗಳ ಹಳೆಯ ಪುಟಗಳನ್ನು ಹೊಸದು ಮಾಡಿಕೊಟ್ಟವರು ಎಷ್ಟೋ ಜನ. ಅವರಲ್ಲಿ ಕೆಲವರು ನಮ್ಮ ರಸ್ತೆಯಲ್ಲೇ ಚಹಾ ಕುಡಿಯುತ್ತಾರೆ. ದೀಪದ ಬುಡದಲ್ಲಿ ಕತ್ತಲೆ ಎಂದು ದೂರುವುದಿಲ್ಲ. ಆ ಕತ್ತಲೆಗೆ ಕರೆಂಟ್ ಬಿಲ್ ಬರುವುದಿಲ್ಲವಲ್ಲ ಎಂಬ ತಮ್ಮ ಲೆಕ್ಕಾಚಾರ ನನಗೆ ತಿಳಿದಿದೆ. ಹೊಸ ಪುಟ ಬರೆಸಿದರೆ ಖರ್ಚಿನ ಸಾಲು ಎದ್ದು ಕಾಣುತ್ತದೆ. ರಜೆ ಹಾಕಲು ನೌಕರರು ಕಳೆಯುವ ಅರ್ಧ ಗಂಟೆಗೆ, ಅವರ ಹಿಂದೆ ನಿಂತು ನಾನು ಕಳೆಯುವ ಇನ್ನರ್ಧ ಗಂಟೆಗೆ ಯಾವ ಲೆಕ್ಕಶೀರ್ಷಿಕೆಯೂ ಇಲ್ಲ.

ಐಇ ಮೋಡಿಗೆ ಕನಿಷ್ಠ 2029ರವರೆಗೆ ಬೆಂಬಲವಿರುತ್ತದೆ, ನಿಲ್ಲಿಸುವ ಒಂದು ವರ್ಷ ಮೊದಲು ತಿಳಿಸುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಇದನ್ನು ಎಚ್ಚರಿಕೆ ಎಂದು ನಾವು ತಮ್ಮ ಗಮನಕ್ಕೆ ತಂದೆವು; ತಾವು ಅಭಯ ಎಂದು ಓದಿಕೊಂಡಿರಿ. ಕಳೆದ ಸಭೆಯಲ್ಲಿ ಒಬ್ಬರು ಹಿರಿಯರು "2029ಕ್ಕೆ ನಾನು ರಿಟೈರ್ ಆಗಿರ್ತೀನಪ್ಪ" ಎಂದರು. ಅಷ್ಟು ಪ್ರಾಮಾಣಿಕವಾದ ಮಾತು ಆ ಸಭೆಯ ನಡಾವಳಿಯಲ್ಲಿ ಬೇರೊಂದಿಲ್ಲ.

ಎಲ್ಲವನ್ನೂ ಒಟ್ಟಿಗೆ ಬದಲಿಸಿ ಎಂದು ಕೇಳುತ್ತಿಲ್ಲ. ರಜೆ ಅರ್ಜಿಯ ಪುಟವೊಂದನ್ನು ಈ ವರ್ಷ ಬರೆಸಿ. ಐಇ ಮೋಡ್ ಪಟ್ಟಿಯ ಪ್ರತಿ ಪುಟದ ಎದುರು ಅದು ಯಾವ ವಿಭಾಗದ್ದು, ಜವಾಬ್ದಾರರು ಯಾರು ಎಂದು ಒಂದು ಹೆಸರು ಬರೆಸಿ. ಯಾರೂ ತಮ್ಮದೆನ್ನದ ಪುಟಗಳನ್ನು ನಿಲ್ಲಿಸಲು ನಮಗೆ ಅನುಮತಿ ಕೊಡಿ.

ಇತಿ ತಮ್ಮ ವಿಶ್ವಾಸಿ,
ಡೆಸ್ಕ್‌ಟಾಪ್ ಸಪೋರ್ಟ್, ನೆಲಮಹಡಿ

ತಾ.ಕ.: ಪರಿಷ್ಕೃತ ಕೋರಿಕೆಯನ್ನು ಬಜೆಟ್ ಪುಟಕ್ಕೆ ಏರಿಸಿದ್ದೇನೆ. 'ಮಂಜೂರು' ಬಟನ್ ಒತ್ತಿದರೂ ಏನೂ ಆಗದಿದ್ದರೆ ಗಾಬರಿಯಾಗಬೇಡಿ. ಎಡ್ಜ್‌ನಲ್ಲಿ ಮೇಲೆ ಬಲಗಡೆಯ ಮೂರು ಚುಕ್ಕಿ ಒತ್ತಿ, ಐಇ ಮೋಡ್‌ನಲ್ಲಿ ಮತ್ತೆ ತೆರೆಯಿರಿ. 'ತಿರಸ್ಕೃತ' ಬಟನ್ ಮಾತ್ರ ಎಲ್ಲ ಬ್ರೌಸರುಗಳಲ್ಲೂ ಕೆಲಸ ಮಾಡುತ್ತದೆ.