ಇಮ್ಯೂನಿಟಿ ಭಾಗ್ಯ

ಕುಶಾಲನಗರ ದಾಟಿ ಮಡಿಕೇರಿಗೆ ಹೋಗುವ ರಸ್ತೆಯ ಬೋರ್ಡುಗಳನ್ನೆಲ್ಲ ಓದಿಕೊಂಡು ಬಂದವರಿಗೆ ಒಂದು ಸಂಶಯ ಕಾಡದೆ ಇರದು: ಈ ಕೊಡಗು ಜಿಲ್ಲೆಯಲ್ಲಿ ಜನ ಸಾಯುವುದಾದರೂ ಹೇಗೆ? ಜೇನು, ಏಲಕ್ಕಿ, ಹೋಮ್‌ಮೇಡ್ ಚಾಕೊಲೇಟ್‌ಗಳ ಪಕ್ಕದಲ್ಲೇ ಒಂದು ಕಪಾಟು ತುಂಬ ಆರೋಗ್ಯ. ಅಮೃತಬಳ್ಳಿ ರಸ, ಅಣಬೆ ಕಾಫಿ, ಬೊಜ್ಜು ಕರಗಿಸುವ ಕ್ಯಾಪ್ಸೂಲ್. ನಿಮ್ಮ ಕಾಯಿಲೆ ಏನೆಂದು ಅಂಗಡಿಯವರು ಕೇಳುವುದಿಲ್ಲ. ಯಾವ ಊರು ಎಂದಷ್ಟೇ ಕೇಳುತ್ತಾರೆ. ಬೆಂಗಳೂರು ಎಂದಿರೋ, ಮುಗಿಯಿತು. “ಹಾಗಾದ್ರೆ ಎರಡು ಬಾಟ್ಲಿ ಬೇಕಾಗ್ತದೆ ಸಾರ್.”

ಅಂಥ ಒಂದು ಬಾಟಲಿಯನ್ನು ಕೈಗೆತ್ತಿಕೊಂಡು ನೋಡಿ. ಎದುರಿಗೆ ದಪ್ಪ ಅಕ್ಷರದಲ್ಲಿ ‘ಇಮ್ಯೂನಿಟಿ’. ಕೆಳಗೊಂದು ಗುರಾಣಿ, ಅದಕ್ಕೆ ಬಡಿದು ಹಾರಿಬೀಳುತ್ತಿರುವ ಹಸಿರು ವೈರಾಣುಗಳು. ಈಗ ಹಿಂದೆ ತಿರುಗಿಸಿ, ಕನ್ನಡಕ ಒರೆಸಿಕೊಂಡು ಓದಿ: ಇದು ಔಷಧೀಯ ಬಳಕೆಗಲ್ಲ. ಆಹಾರ ಪೂರಕಗಳ ಮೇಲೆ ಹೀಗೆ ಬರೆಯಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮವಿದೆ. ಬಾಟಲಿಯ ಮುಂಭಾಗವನ್ನು ಮಾರ್ಕೆಟಿಂಗ್‌ನವರು ಬರೆದರು, ಹಿಂಭಾಗವನ್ನು ವಕೀಲರು ಬರೆದರು. ನಡುವೆ ಇರುವುದನ್ನು ನೀವು ಕುಡಿಯಬೇಕು.

‘ಇಮ್ಯೂನಿಟಿ’ಯನ್ನೇ ಆರಿಸಿಕೊಂಡದ್ದರಲ್ಲಿ ಜಾಣತನವಿದೆ. 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ 54 ಕಾಯಿಲೆ, ತೊಂದರೆಗಳಿವೆ. ಕ್ಯಾನ್ಸರ್, ಮಧುಮೇಹ, ಬೊಜ್ಜು ಎಲ್ಲವೂ ಅಲ್ಲುಂಟು. ಇವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಟ್ಟರೆ ಅಪರಾಧ. ಇಮ್ಯೂನಿಟಿ ಮಾತ್ರ ಆ ಪಟ್ಟಿಯಲ್ಲಿಲ್ಲ, ಏಕೆಂದರೆ ಅದು ಕಾಯಿಲೆಯೇ ಅಲ್ಲ. ಈ ಸಂದಿಯನ್ನು ಬಿಟ್ಟು ಹೆಬ್ಬಾಗಿಲಿನಿಂದಲೇ ನುಗ್ಗಹೋದ ಪತಂಜಲಿ ಕಂಪನಿ 2024ರಲ್ಲಿ ಪತ್ರಿಕೆಗಳಲ್ಲಿ ಕ್ಷಮೆ ಕೇಳಬೇಕಾಯಿತು. ಕ್ಷಮಾಪಣೆ ನಿಮ್ಮ ಜಾಹೀರಾತಿನಷ್ಟೇ ದೊಡ್ಡದಾಗಿದೆಯೇ ಎಂದು ಸುಪ್ರೀಂ ಕೋರ್ಟು ವಿಚಾರಿಸಿತು. ಉಳಿದವರು ಪಾಠ ಕಲಿತರು: ಕಾಯಿಲೆಯ ಹೆಸರೆತ್ತಬೇಡ, ಗುರಾಣಿಯ ಚಿತ್ರ ಹಾಕು.

ಆ ಇಮ್ಯೂನಿಟಿ ಏರಿದಷ್ಟೂ ಒಳ್ಳೆಯದೇ? ಕೋವಿ ಪೂಜೆ ಮಾಡುವ ನಾಡಿನಲ್ಲಿ ಇದನ್ನು ವಿವರಿಸಬೇಕಾಗಿ ಬಂದದ್ದೇ ವಿಚಿತ್ರ. ಕೋವಿಗೆ ಎಷ್ಟು ತೋಟಾ ತುಂಬಿದ್ದೀರಿ ಎಂಬುದಲ್ಲ, ನಳಿಗೆ ಯಾರ ಕಡೆಗಿದೆ ಎಂಬುದು ಮುಖ್ಯ. ದೇಹದ ರಕ್ಷಣಾ ಪಡೆ ಗುರಿ ತಪ್ಪಿ ಸ್ವಂತ ಕೀಲುಗಳಿಗೆ ಹೊಡೆದರೆ ರುಮಟಾಯ್ಡ್ ಸಂಧಿವಾತ. ಥೈರಾಯ್ಡ್‌ಗೆ ಹೊಡೆದರೆ ಇನ್ನೊಂದು ಕಾಯಿಲೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಈ ಪಡೆಯನ್ನು ಸುಮ್ಮನಿರಿಸಲು ಜೀವನಪೂರ್ತಿ ಮಾತ್ರೆ ನುಂಗುತ್ತಾರೆ. ಅಂಥವರ ಕೈಗೂ ಅದೇ ಬಾಟಲಿ, ಅದೇ ಡಿಸ್ಕೌಂಟು.

ಕೊಡಗಿನದೇ ಮಾಲಿನ ಕಥೆ ಇನ್ನೂ ಸೊಗಸು. ಪಂದಿ ಕರಿಗೆ ಬಣ್ಣವನ್ನೂ ಹುಳಿಯನ್ನೂ ಕೊಡುವ ಕಾಚಂಪುಳಿ ಯಾವ ಹಣ್ಣಿನ ರಸವೋ, ಅದೇ ಹಣ್ಣು ಅಮೆರಿಕದಲ್ಲಿ ‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಎಂಬ ಗಂಭೀರ ಹೆಸರಿಟ್ಟುಕೊಂಡು ಕೊಬ್ಬು ಕರಗಿಸುವ ಗುಳಿಗೆಯಾಯಿತು. 2012ರಲ್ಲಿ ಟಿವಿ ವೈದ್ಯ ಡಾ. ಓಝ್ ಇದನ್ನು ಹೊಗಳಿದ್ದೇ ಹೊಗಳಿದ್ದು. ಅದಕ್ಕೂ ಹದಿನಾಲ್ಕು ವರ್ಷ ಮೊದಲೇ, 1998ರಲ್ಲಿ, ‘ಜಾಮಾ’ ವೈದ್ಯಕೀಯ ಪತ್ರಿಕೆ ಇದರ ಜಾತಕ ಪ್ರಕಟಿಸಿತ್ತು. 135 ಮಂದಿ ದಪ್ಪನೆಯವರು, 12 ವಾರ, ಅರ್ಧದಷ್ಟು ಜನರಿಗೆ ಅಸಲಿ ಗುಳಿಗೆ, ಉಳಿದವರಿಗೆ ಸುಳ್ಳು ಗುಳಿಗೆ. ಅಸಲಿ ನುಂಗಿದವರು ಸರಾಸರಿ 3.2 ಕಿಲೋ ಇಳಿದರು. ಸುಳ್ಳು ನುಂಗಿದವರು 4.1 ಕಿಲೋ ಇಳಿದರು! ನ್ಯಾಯವಾಗಿ ಮಾರುಕಟ್ಟೆಗೆ ಬರಬೇಕಾಗಿದ್ದುದು ಸುಳ್ಳು ಗುಳಿಗೆ. ಬಂದದ್ದು ಇನ್ನೊಂದು. ಅದನ್ನು ನುಂಗಿದ ಕೆಲವರ ಯಕೃತ್ತು ಕೆಟ್ಟಿತು. ಕಸಿ ಮಾಡಬೇಕಾಗಿ ಬಂದದ್ದೂ ಉಂಟು. ಪಂದಿ ಕರಿಗೆ ಒಂದು ಚಮಚ ಕಾಚಂಪುಳಿ ಹಾಕಿ ತಲೆತಲಾಂತರದಿಂದ ಉಣ್ಣುತ್ತಿರುವವರನ್ನೇ ಕೇಳಿದ್ದರೆ ಅಷ್ಟು ಖರ್ಚು ಮಾಡಿ ಪ್ರಯೋಗ ನಡೆಸುವ ಅಗತ್ಯವೇ ಇರಲಿಲ್ಲ. ಅದನ್ನು ತಿಂದು ತೆಳ್ಳಗಾದ ಒಬ್ಬನನ್ನೂ ಯಾವ ಮದುವೆ ಮನೆಯಲ್ಲೂ ಕಂಡವರಿಲ್ಲ.

ಇನ್ನು ಅಣಬೆ. ಅಣಬೆಯಲ್ಲಿ ಏನೂ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಅಂಶಕ್ಕೆ ಜಪಾನು 1985ರಲ್ಲೇ ಒಪ್ಪಿಗೆ ಕೊಟ್ಟಿದೆ. ಕೊಟ್ಟದ್ದು ಹೊಟ್ಟೆಯ ಕ್ಯಾನ್ಸರಿಗೆ, ಕೀಮೋಥೆರಪಿಯ ಜೊತೆಗೆ, ಇಂಜೆಕ್ಷನ್ ರೂಪದಲ್ಲಿ. ಕಾಫಿಗೆ ಕದಡಿಕೊಳ್ಳಲು ಅಲ್ಲ. ರೀಶಿ ಅಣಬೆಯ ಬಗ್ಗೆ ಕಾಕ್ರೇನ್ ಸಂಸ್ಥೆಯ ತಜ್ಞರು ಹುಡುಕಿದಾಗ ಕ್ಯಾನ್ಸರಿನ ವಿಚಾರದಲ್ಲಿ ಯೋಗ್ಯವೆನಿಸಿದ ಪ್ರಯೋಗಗಳು ಐದೇ, ರೋಗಿಗಳು ಒಟ್ಟು 373. ಚಿಕಿತ್ಸೆಯ ಜೊತೆಗೆ ಕೊಟ್ಟರೆ ಒಂದಿಷ್ಟು ಅನುಕೂಲವಾದೀತು, ಚಿಕಿತ್ಸೆಯ ಬದಲಿಗೆ ಕೊಡಲು ಆಧಾರ ಸಾಲದು ಎಂದರು. ಇಂಥ ಸಪ್ಪೆ ಮಾತನ್ನು ಲೇಬಲ್ ಮೇಲೆ ಯಾರು ಹಾಕುತ್ತಾರೆ? ಅಷ್ಟಕ್ಕೂ ಒಳಗಿರುವುದು ಅದೇ ಅಣಬೆಯೇ? ಅಮೆರಿಕದಲ್ಲಿ ಮಾರಾಟಕ್ಕಿದ್ದ 19 ರೀಶಿ ಉತ್ಪನ್ನಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಬಂತು. ಲೇಬಲ್ಲಿಗೆ ಹೊಂದಿದವು 5.

ಕೊಡಗಿನವರಿಗೆ ಅಣಬೆ ಎಂದರೆ ಕುಮ್ಮು. ಗುಡುಗು ಮಳೆ ಬಿದ್ದ ಮೇಲೆ ತೋಟದ ಯಾವ ಹುತ್ತದ ಬಳಿ ಏಳುತ್ತದೆಂದು ಮನೆಯ ಹಿರಿಯ ಹೆಂಗಸಿಗೆ ಗೊತ್ತು. ಜಾಗದ ಗುಟ್ಟನ್ನು ಪಕ್ಕದ ಮನೆಗೆ ಆಕೆ ಬಿಟ್ಟುಕೊಡುವುದಿಲ್ಲ. ಬುಡದ ಮಣ್ಣು ಕೆರೆದು, ಕೊಡೆಯ ಅಡಿ ತಿರುಗಿಸಿ ನೋಡಿ, ಅನುಮಾನ ಬಂದದ್ದನ್ನು ಅಲ್ಲೇ ಎಸೆದು ಬರುತ್ತಾಳೆ. ಬ್ಯಾಚ್ ನಂಬರ್ ಇಲ್ಲದ ಈ ಗುಣಮಟ್ಟ ಪರೀಕ್ಷೆಯಲ್ಲಿ ಪರೀಕ್ಷಕಿಯೇ ಮೊದಲ ತುತ್ತು ಉಣ್ಣುವವಳು. ಬಾಟಲಿ ಕಂಪನಿಯ ಮಾಲೀಕರಿಗೂ ಇದೇ ಷರತ್ತು ವಿಧಿಸಿದರೆ ಅರ್ಧ ಕಪಾಟು ಖಾಲಿಯಾದೀತು.

ಮದ್ದು ಸೊಪ್ಪಿನದೂ ಹೀಗೇ ಒಂದು ಶಿಸ್ತು. ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3ರ ಸುಮಾರಿಗೆ, ಆ ಗಿಡಕ್ಕೆ ಹದಿನೆಂಟು ಬಗೆಯ ಮದ್ದು ಸೇರುತ್ತದೆಂಬ ನಂಬಿಕೆ. ಅರೆಭಾಷೆಯವರಿಗೆ ಅದು ಆಟಿ ಹದಿನೆಂಟು. ಸೊಪ್ಪು ಬೇಯಿಸಿ, ಕಡುನೇರಳೆ ರಸ ಬಸಿದು, ಪಾಯಸವನ್ನೋ ಪುಟ್ಟನ್ನೋ ಮಾಡಿ, ತುಪ್ಪ, ಜೇನು ಹಾಕಿಕೊಂಡು ತಿನ್ನುತ್ತಾರೆ. ಮೂತ್ರ ಕೆಂಪಾಗಿ ಬಂದರೆ ಮದ್ದು ಮೈಗೆ ಹತ್ತಿತೆಂದು ಸಮಾಧಾನ. ಬಣ್ಣ ಒಳಗೆ ಹೋಗಿ ಹೊರಗೆ ಬಂತು ಎಂಬುದಕ್ಕಿಂತ ಹೆಚ್ಚಿನ ಸಾಕ್ಷ್ಯ ಅದರಲ್ಲಿಲ್ಲ, ನಿಜ. ಆದರೆ ಯಾರ ಜೇಬಿಗೂ ಕತ್ತರಿಯಿಲ್ಲ, ಕ್ಯಾನ್ಸರ್ ವಾಸಿಯಾಗುತ್ತದೆಂದು ಯಾರೂ ಹೇಳಿಲ್ಲ, ಹತ್ತೊಂಬತ್ತನೆಯ ದಿನಕ್ಕೆ ಪಾತ್ರೆ ತೊಳೆದಿಡುತ್ತಾರೆ. ನಾಳೆ ಯಾರಾದರೂ ಬುದ್ಧಿವಂತರು ಅದರ ಸತ್ವ ತೆಗೆದು ‘ದಿನಕ್ಕೆರಡು, ವರ್ಷವಿಡೀ’ ಎಂದು ಡಬ್ಬಿಗೆ ತುಂಬಿದರೆ ನಂಬಿಕೆಯ ಹೆಸರು ಮಾತ್ರ ಉಳಿಯುತ್ತದೆ, ಮಿತಿ ಹೋಗುತ್ತದೆ.

ಮಿತಿ ಹೋದರೆ ಏನಾಗುತ್ತದೆಂದು ಅಮೃತಬಳ್ಳಿ ತೋರಿಸಿಕೊಟ್ಟಿದೆ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುದಿಯಿತು. ಅದನ್ನು ಸೇವಿಸಿ ಯಕೃತ್ತಿಗೆ ಪೆಟ್ಟು ಮಾಡಿಕೊಂಡ 43 ರೋಗಿಗಳ ವಿವರವನ್ನು ದೇಶದ ಹಲವು ಆಸ್ಪತ್ರೆಗಳ ವೈದ್ಯರು 2022ರಲ್ಲಿ ಪ್ರಕಟಿಸಿದರು. ಅವರಲ್ಲಿ ಅನೇಕರಿಗೆ ಆಗಿದ್ದು ಏನು ಗೊತ್ತೇ? ಸ್ವಂತ ಇಮ್ಯೂನಿಟಿಯೇ ಯಕೃತ್ತಿನ ಮೇಲೆ ತಿರುಗಿಬಿದ್ದಿತ್ತು. ಬೂಸ್ಟ್ ಆದದ್ದಂತೂ ಹೌದು.

ಇದರಲ್ಲಿ ಸರ್ಕಾರಕ್ಕೂ ನೆಮ್ಮದಿಯಿದೆ. 2019ರ ಜೂನ್‌ನಲ್ಲಿ ಕೊಡಗಿನ ಜನ ತುರ್ತು ಚಿಕಿತ್ಸೆಗೆ ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ಟ್ವಿಟರ್‌ನಲ್ಲಿ ದೇಶಕ್ಕೆಲ್ಲ ಕೇಳುವಂತೆ ಕೂಗಿದರು. ಮರುವರ್ಷ ಕೊರೊನಾ ಬಂದಾಗ ಆಯುಷ್ ಸಚಿವಾಲಯದಿಂದ ಸಲಹೆ ಬಂತು: ತುಳಸಿ, ದಾಲ್ಚಿನ್ನಿ, ಕರಿಮೆಣಸು, ಶುಂಠಿಯ ಕಷಾಯ ಕುಡಿಯಿರಿ. ದೇಶಕ್ಕೇ ಮೆಣಸು ಕಳಿಸುವ ಜಿಲ್ಲೆಗೆ ಮೆಣಸಿನ ಕಷಾಯ! ಇಮ್ಯೂನಿಟಿ ಎಂಬುದು ನಿಮ್ಮ ಸ್ವಂತ ಜವಾಬ್ದಾರಿ. ಕಾಯಿಲೆ ಬಿದ್ದರೆ ಬಾಟಲಿ ಕೊಳ್ಳದ ತಪ್ಪು ನಿಮ್ಮದು. ಹೃದ್ರೋಗ ತಜ್ಞರನ್ನು ಘಾಟಿ ಹತ್ತಿಸುವುದಕ್ಕಿಂತ ಕೊರಿಯರ್ ಹತ್ತಿಸುವುದು ಅಗ್ಗ.

ಆದ್ದರಿಂದ ಲೇಬಲ್ ನಿಯಮಕ್ಕೆ ಒಂದು ಸಣ್ಣ ತಿದ್ದುಪಡಿ ಸಾಕು. ಕೊಡಗಿನಲ್ಲಿ ಮಾರುವ ಪ್ರತಿ ಇಮ್ಯೂನಿಟಿ ಬಾಟಲಿಯ ಎದುರಿಗೆ, ಆ ಗುರಾಣಿಯಷ್ಟೇ ದೊಡ್ಡದಾಗಿ, ಕಡ್ಡಾಯವಾಗಿ ಹೀಗೆ ಬರೆಸಲಿ: ‘ಇದು ಕೆಲಸ ಮಾಡದಿದ್ದರೆ ಮಡಿಕೇರಿಯಿಂದ ಮೈಸೂರಿನ ಆಸ್ಪತ್ರೆಗೆ ಸುಮಾರು 120 ಕಿ.ಮೀ.’